ಬಸಿಗಾಲುವೆ ಚುನಾವಣೆಯ ತಾರೀಕುಗಳು

ಚುನಾವಣೆ ನಡೆಸುವ ಕಚೇರಿಯಲ್ಲಿ ಕೆಲಸ ಅಂದರೆ ಜನ ನನ್ನನ್ನು ಗಂಭೀರ ಮನುಷ್ಯ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಸೇರಿದವನು. ಆದರೆ ನಮ್ಮಲ್ಲಿ ಚುನಾವಣೆ ನಡೆದಾಗ ಆದ ಸಂಗತಿಗಳಿಗಿಂತ ಚುನಾವಣೆ ನಡೆಯದೇ ಹೋದಾಗ ಆದ ಸಂಗತಿಗಳೇ ಹೆಚ್ಚು. ಅವು ಇವತ್ತಿಗೂ ನಿಂತಿಲ್ಲ.

ರಾಯಚೂರಿನಲ್ಲಿ ಕೂತು ಸುತ್ತಲಿನ ಸಹಕಾರ ಸಂಘಗಳ ಚುನಾವಣೆ ಮಾಡಿಸುವುದು ನಮ್ಮ ಕೆಲಸ. ಹಾಲಿನ ಸಂಘ, ಪತ್ತಿನ ಸಂಘ, ನೇಕಾರರ ಸಂಘ ಎಲ್ಲ ಮಾಡಿಸಿದ್ದೇನೆ. ಅಲ್ಲೆಲ್ಲ ಬೈಸಿಕೊಂಡಿದ್ದೇನೆ, ಚಹಾ ಕುಡಿದಿದ್ದೇನೆ, ಮರೆತಿದ್ದೇನೆ. ಬಾಯಿ ತೆರೆದುಕೊಂಡು ನಿಂತದ್ದು ಮಾತ್ರ ಬಸಿಗಾಲುವೆ ಸಂಘದ ಮುಂದೆ.

ಹೊಲವೇ ಕಚೇರಿಗೆ ಬಂದದ್ದು

ಬಸಿಗಾಲುವೆ ಅಂದರೆ ಹೊಲಕ್ಕೆ ನೀರು ತರುವ ಕಾಲುವೆಯಲ್ಲ. ಹೊಲ ಕುಡಿದು ಬಿಟ್ಟ ನೀರನ್ನು ಹಳ್ಳಕ್ಕೆ ಒಯ್ಯುವ ಕಾಲುವೆ. ತರುವ ಕಾಲುವೆಗೆ ಪೂಜೆ, ಹಾರ, ಭಾಷಣ ಎಲ್ಲ ಉಂಟು. ಒಯ್ಯುವ ಕಾಲುವೆಯಲ್ಲಿ ಜೊಂಡು ಬೆಳೆಯುತ್ತದೆ, ಅಷ್ಟೇ. ಜೊಂಡು ಬೆಳೆದು ಹೂಳು ಕಟ್ಟಿತೆಂದರೆ ನೀರು ಹೊಲದಲ್ಲೇ ನಿಲ್ಲುತ್ತದೆ, ನೆಲ ಸವುಳಾಗುತ್ತದೆ, ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ.

ದೇವದುರ್ಗದ ಸೀಮೆ ಮಾನ್ವಿಯ ಸೀಮೆಗೆ ಕೂಡುವಲ್ಲಿನ ರೈತರು ಇಂಥದೊಂದು ಕಾಲುವೆ ನೋಡಿಕೊಳ್ಳಲೆಂದೇ ಸಂಘ ಮಾಡಿಕೊಂಡಿದ್ದರು. ಅದರ ಆಡಳಿತ ಮಂಡಳಿಯ ಅವಧಿ ಮುಗಿದುಹೋಗಿತ್ತು. ಹೊಸ ಮಂಡಳಿ ಬಂದು ಸಹಿ ಹಾಕದ ಹೊರತು ಹೂಳು ತೆಗೆಯುವಂತಿಲ್ಲ. ಉಳಿದೆಲ್ಲ ಜಾಗ ಅವಿರೋಧವಾಗಿ ತುಂಬಿದ್ದವು. ಕಾಲುವೆಯ ಕೊನೆಯ ಭಾಗದ ಒಂದೇ ಒಂದು ಜಾಗಕ್ಕೆ ಇಬ್ಬರು ನಿಂತು, ಇಡೀ ಮಂಡಳಿ ಅಲ್ಲಿಗೆ ಬಂದು ಸಿಕ್ಕಿಕೊಂಡಿತ್ತು. ಒಬ್ಬರು ಮಾನ್ವಿಯ ರೈಸ್ ಮಿಲ್ ಸಾವುಕಾರರು. ಇನ್ನೊಬ್ಬರು ದೇವದುರ್ಗದಲ್ಲಿ ಗೊಬ್ಬರದ ಅಂಗಡಿ ಇಟ್ಟವರು, ಊರಿಗೆಲ್ಲ ಚಾಚಾ. ಇಬ್ಬರಿಗೂ ಆ ಕಾಲುವೆಯ ಮೇಲೆ ಹೊಲ ಇತ್ತು. ಇಬ್ಬರ ಹೊಲವೂ ಎತ್ತರದಲ್ಲಿತ್ತು.

ತಗ್ಗಿನಲ್ಲಿ ಇದ್ದದ್ದು ಮಲ್ಲಟದ ಕಡೆಯ ಒಬ್ಬ ಹೆಣ್ಣುಮಗಳ ಹೊಲ, ಎಲ್ಲರಿಗೂ ಅವಳು ಯವ್ವ. ಮೇಲಿನವರೆಲ್ಲ ಬಿಟ್ಟ ನೀರು ಅವಳಲ್ಲಿ ಬಂದು ಕೂತುಬಿಡುತ್ತಿತ್ತು. ಮತದಾನಕ್ಕೆ ಇಟ್ಟ ಮೊದಲ ತಾರೀಕು ದೊಡ್ಡ ಚುನಾವಣೆಯ ನೀತಿ ಸಂಹಿತೆಗೆ ಸಿಕ್ಕು ಬಿದ್ದುಹೋದ ವಾರವೇ ಆಕೆ ಬಸ್ಸು ಹತ್ತಿ ರಾಯಚೂರಿಗೆ ಬಂದಳು. ನನ್ನ ಮೇಜಿನ ಮುಂದೆ ನಿಂತು, ಸೆರಗಿನ ಗಂಟು ಬಿಚ್ಚಿ, ಬಿಳಿ ಪುಡಿಯಂಥ ಮಣ್ಣನ್ನು ಮೇಜಿನ ಮೇಲೆ ಸುರಿದಳು.

ನಮ್ಮ ಸಾಹೇಬರು ಒಳಗಿನಿಂದ ಬಂದವರು, "ಏನಮ್ಮಾ ಇದು? ಉಪ್ಪೇನು?" ಅಂದರು.

"ನನ್ನ ಹೊಲ ರೀ ಯಪ್ಪಾ," ಅಂದಳು ಯವ್ವ. "ಕಾಲುವಿಗೆ ನೀರು ಬಿಡೋದ್ರೊಳಗ ಬಸಿಗಾಲುವಿ ತೆಗಸದಿದ್ರ ಇದೂ ಉಳಿಯಂಗಿಲ್ಲ."

ಸಾಹೇಬರು ಮೃದು ಮನುಷ್ಯರು. "ಒಂದ್ಸಲ ಬಂದು ನೋಡ್ತೀವಿ ಯವ್ವಾ" ಅಂದರು.

"ನೀವು ಬರೋದು ಬ್ಯಾಡ್ರಿ. ಬರ್ತೀನಿ ಬರ್ತೀನಿ ಅಂದು ಬರದವರು ಭಾಳ ಮಂದಿ ಆಗ್ಯಾರ. ಅದಕ್ಕ ಹೊಲಾನ ನಿಮ್ಮಲ್ಲಿಗೆ ತಂದೀನಿ. ನೋಡಿದ್ರೆಲ್ಲಾ, ಈಗ ತಾರೀಕು ಹೇಳ್ರಿ."

ಸಾಹೇಬರು ಅಲ್ಲೇ ಎರಡನೆಯ ತಾರೀಕು ಹೇಳಿಬಿಟ್ಟರು. ಸ್ಥಳ ಪರಿಶೀಲನೆ ಇಷ್ಟು ಬೇಗ ಮುಗಿದದ್ದನ್ನು ನಾನು ನನ್ನ ಸರ್ವಿಸಿನಲ್ಲೇ ನೋಡಿರಲಿಲ್ಲ.

ಪೆಟ್ಟಿಗೆಯ ಪ್ರಯಾಣ

ಸಣ್ಣ ಸಂಘದ ಚುನಾವಣೆಗೆ ಜೀಪು ಸಿಗುವುದಿಲ್ಲ. ಎರಡನೆಯ ತಾರೀಕಿನ ಹಿಂದಿನ ದಿನ ಮತಪೆಟ್ಟಿಗೆಯನ್ನು ನಾನೇ ತೊಡೆಯ ಮೇಲೆ ಇಟ್ಟುಕೊಂಡು ದೇವದುರ್ಗದ ಬಸ್ಸಿನಲ್ಲಿ ಹೊರಟೆ. ಕಂಡಕ್ಟರ್ ಪೆಟ್ಟಿಗೆಗೂ ಲಗೇಜ್ ಟಿಕೆಟ್ ಹರಿದ. ಗಬ್ಬೂರು ಹತ್ತಿರ ಬರುವಾಗ ಸಾಹೇಬರ ಫೋನು ಬಂತು. ಯಾರೋ ಮತದಾರರ ಪಟ್ಟಿಯ ಮೇಲೆ ಕೋರ್ಟಿಗೆ ಹೋಗಿ ಸ್ಟೇ ತಂದಿದ್ದಾರೆ, ಪೆಟ್ಟಿಗೆ ತಗೊಂಡು ವಾಪಸು ಬಾ ಅಂದರು.

ನಾನು ಬಾಯಿ ತೆರೆದು ಯಾರಿಗೂ ಒಂದು ಮಾತು ಹೇಳಿಲ್ಲ. ಬರೀ "ಹೂಂ ಸರ್, ಹೂಂ ಸರ್" ಅಂದು ಫೋನು ಕಿಸೆಗೆ ಹಾಕಿದೆ. ಪಕ್ಕದಲ್ಲಿ ತೂಕಡಿಸುತ್ತಿದ್ದ ರೈತರೊಬ್ಬರು ಕಣ್ಣು ತೆರೆಯದೆಯೇ ಕೇಳಿದರು.

"ಸ್ಟೇ ಬಂತೇನ್ರಿ?"

ಹೌದು ಅಂದೆ.

"ಕೋರ್ಟಿಂದು ಹಂಗ ಇರ್ತದ. ಫೋನ್ ಎತ್ತಿದವರ ಮುಖ ಅಲ್ರಿ, ಕಿವಿ ಕೆಂಪಾಗ್ತದ," ಅಂದು ಮತ್ತೆ ತೂಕಡಿಸಿದರು. ಕಣ್ಣು ಮುಚ್ಚಿದ ಮನುಷ್ಯನಿಗೆ ನನ್ನ ಕಿವಿ ಹೇಗೆ ಕಂಡಿತು ಅನ್ನುವುದು ನನಗೆ ಇವತ್ತಿಗೂ ಸೋಜಿಗ.

ಗಬ್ಬೂರಿನಲ್ಲಿ ಇಳಿದು ಚಹಾ ಕುಡಿದು ವಾಪಸು ಹೋಗುವ ಬಸ್ಸಿಗೆ ಕಾದೆ. ನಾನು ಬಂದ ಬಸ್ಸೇ ದೇವದುರ್ಗ ಮುಟ್ಟಿ ತಿರುಗಿ ಬಂತು. ಅದೇ ಕಂಡಕ್ಟರ್. ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗೆ ಏನೂ ಸಪ್ಪಳವಿಲ್ಲ.

"ಹೋಗುವಾಗಲೂ ಖಾಲಿ, ಬರುವಾಗಲೂ ಖಾಲಿ," ಅಂದ. "ಸರ, ಇದಕ್ಕ ದಿನಾ ಟಿಕೆಟ್ ಹರಿಯೋದು ನನಗ ಛಲೋ ಅನಸವಲ್ದು. ಸಾಲಿ ಹುಡುಗರಿಗೆ ಮಾಡಿಸ್ತಾರಲ್ಲ, ಹಂಗ ಒಂದ್ ಪಾಸ್ ಮಾಡಿಸಿಬಿಡ್ರಿ."

ಗೋಡೆ ಬರೆಯುವವನು

ಎರಡೂ ಪಕ್ಷಕ್ಕೆ ಗೋಡೆ ಬರೆಯುವವನು ಒಬ್ಬನೇ ಇದ್ದ. ಬೆಳಿಗ್ಗೆ ಸಾವುಕಾರರ ಗುರುತಾದ ಛತ್ರಿ ಬರೆದ ಬ್ರಶ್ಶನ್ನೇ ತೊಳೆದು ಮಧ್ಯಾಹ್ನ ಚಾಚಾನ ಗುರುತಾದ ಏಣಿ ಬರೆಯುತ್ತಿದ್ದ. ಛತ್ರಿ ಏಣಿಗಳಿಂದ ಅವನಿಗೆ ತೊಂದರೆ ಇರಲಿಲ್ಲ. ತಾರೀಕಿನಿಂದ ಇತ್ತು. ಪ್ರತಿ ಸಲ ಹಳೆಯ ತಾರೀಕಿನ ಮೇಲೆ ಸುಣ್ಣ ಹೊಡೆದು ಹೊಸದು ಬರೆಯಬೇಕು. ಬಣ್ಣದ ಮೇಲೆ ಸುಣ್ಣ, ಸುಣ್ಣದ ಮೇಲೆ ಬಣ್ಣ ಕೂತು ಆ ಜಾಗ ಗೋಡೆಯಿಂದ ಉಬ್ಬಿಕೊಂಡು ಬಂದಿತ್ತು. ಕುರುಡರೂ ಮುಟ್ಟಿ ಓದಬಹುದಿತ್ತು.

ಸ್ಟೇ ಬಂದ ಮೇಲೆ ನಾನು ಆ ಕಡೆ ಹೋದಾಗ ನೋಡುತ್ತೇನೆ, ಎಲ್ಲ ಗೋಡೆಯ ಮೇಲೂ ತಾರೀಕು ಹೋಗಿ "ನಾಳೆ ಮತದಾನ" ಅಂತ ಬಂದಿದೆ.

"ಏನಪ್ಪಾ ಇದು, ನಾಳೆ ಎಲ್ಲಿ ಮತದಾನ?" ಅಂದೆ.

"ಸರ, ಇವತ್ತಂತೂ ಇಲ್ಲಲ್ರಿ," ಅಂದ. "ಇನ್ನ ಮ್ಯಾಲ ನಾನು ಏಣಿ ಹತ್ತಂಗಿಲ್ಲ. ಇದು ಯಾವತ್ತಿದ್ರೂ ನಡೀತದ."

ನಾನು ಯೋಚಿಸಿ ನೋಡಿದೆ. ಕಾನೂನಿನ ಪ್ರಕಾರ ತಪ್ಪು ಹುಡುಕಲು ಆಗಲಿಲ್ಲ. ಅಷ್ಟರಲ್ಲಿ ಆ ಮನೆಯ ಯಜಮಾನಿ ಹೊರಗೆ ಬಂದಳು. ನಮ್ಮ ಕಡೆ ದೆವ್ವ ಬಾಗಿಲು ಬಡಿಯಬಾರದು ಅಂತ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದ ಕಾಲ ಒಂದಿತ್ತು. ದೆವ್ವ ಬಂದು ಓದಿ, ನಾಳೆ ಬರೋಣ ಅಂತ ಹೋಗಿಬಿಡುತ್ತದೆ, ನಾಳೆ ಬಂದಾಗಲೂ ಅದೇ ಬರಹ.

ಆಕೆ ಗೋಡೆ ನೋಡಿ, "ಲೇ ತಮ್ಮಾ, ಇದಕ್ಕ ದೆವ್ವನೂ ದೂರ ಇರ್ತದೇನಪಾ?" ಅಂದಳು.

"ದೆವ್ವದ್ದು ನನಗ ಗೊತ್ತಿಲ್ಲ ಯಕ್ಕಾ," ಅಂದ ಅವನು ಬ್ರಶ್ಶು ತೊಳೆಯುತ್ತ. "ಇದನ್ನ ಬರೆದಾಗಿಂದ ಚುನಾವಣಿ ಅಂತೂ ಬಂದಿಲ್ಲ."

ಅಯ್ಯನವರ ಮುಹೂರ್ತ

ಸ್ಟೇ ತೆರವಾಗಿ ಮೂರನೆಯ ತಾರೀಕು ನಿಗದಿಯಾಯಿತು. ನೋಟಿಸಿನ ಮಸಿ ಆರಿರಲಿಲ್ಲ, ಜಾಲಹಳ್ಳಿಯಿಂದ ಒಬ್ಬ ಅಯ್ಯನವರು ಕಚೇರಿಗೆ ಬಂದರು. ಮದುವೆ ಮುಂಜಿಗೆಲ್ಲ ದಿನ ನೋಡಿಕೊಡುವ ಹಿರಿಯರು. ಹೆಗಲ ಮೇಲೆ ಶಾಲು, ಕಂಕುಳಲ್ಲಿ ಪಂಚಾಂಗ.

"ನಿಮ್ಮ ಬಸಿಗಾಲುವಿ ಚುನಾವಣಿ ಯಾವತ್ತಿಟ್ಟೀರಿ?" ಅಂದರು. ಹೇಳಿದೆ. ಪಂಚಾಂಗ ತೆರೆದು ನೋಡಿ ತೃಪ್ತಿಯಿಂದ ತಲೆ ಆಡಿಸಿದರು. "ಛಲೋ ಆತು. ನಿಮ್ಮ ಕಾಲುವಿ ರೈತರೊಬ್ಬರ ಹಿರಿ ಮಗನ ಮದುವಿ ಅವತ್ತ ಇಟ್ಟುಬಿಡ್ತೀನಿ."

"ಅಯ್ಯನೋರ, ಅವತ್ತು ಮತದಾನ ಅದ ರೀ. ಗಂಡಿನ ಕಡಿಯವರೆಲ್ಲ ನಮ್ಮ ಮತದಾರರ ಆಗಬೇಕು," ಅಂದೆ.

"ಅದಕ್ಕ ಅಲ್ಲೇನು. ಮತದಾನ ಅಂತ ಎಲ್ಲಾರೂ ಊರಾಗ ಇರ್ತಾರ. ಪ್ಯಾಟಿಗೆ ದುಡಿಯಾಕ ಹೋದವರೂ ಬಂದಿರ್ತಾರ. ಸಾಲಿ ಖಾಲಿ ಇರ್ತದ, ಬೀಗರನ್ನ ಇಳಿಸಬಹುದು. ಮತದಾನ ಅಂತೂ ಆಗಂಗಿಲ್ಲ. ಇಂಥ ಮುಹೂರ್ತ ಪಂಚಾಂಗದಾಗ ಹುಡುಕಿದ್ರ ಸಿಗತದೇನ್ರಿ?"

ನಾನು ನಕ್ಕು ಕಳಿಸಿದೆ. ಸರಿಯಾಗಿ ಮದುವೆಯ ಎರಡು ದಿನ ಮುಂಚೆ ಯಾವುದೋ ಸಮೀಕ್ಷೆಗೆ ಅಂತ ನಮ್ಮ ಮತಗಟ್ಟೆಯ ಮಾಸ್ತರರನ್ನೆಲ್ಲ ಎಳೆದುಕೊಂಡರು. ಮತದಾನ ಮುಂದಕ್ಕೆ ಹೋಯಿತು. ಸಾಹೇಬರಿಗೂ ನನಗೂ ಕೆಲಸ ಇಲ್ಲ, ಮದುವೆಯ ಪತ್ರಿಕೆ ಇದೆ. ಹೋದೆವು.

ನಾನು ಅಲ್ಲಿ ಕಂಡದ್ದು ನನ್ನನ್ನು ದಂಗುಬಡಿಸಿತು. ಮತದಾರರ ಪಟ್ಟಿಯಲ್ಲಿದ್ದವರು ಒಬ್ಬರೂ ಬಿಡದೆ ಬಂದಿದ್ದರು. ಒಂದೇ ಪಂಕ್ತಿಯಲ್ಲಿ ಸಾವುಕಾರರೂ ಚಾಚಾನೂ ಪಕ್ಕಪಕ್ಕ ಕೂತು, ಒಬ್ಬರ ಎಲೆಗೆ ಇನ್ನೊಬ್ಬರು ಹುಗ್ಗಿ ಹಾಕಿಸುತ್ತಿದ್ದರು. ಮಲ್ಲಟದ ಯವ್ವ ಅಡುಗೆಯ ಕಡೆ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅರ್ಧಕ್ಕೇ ಎಲೆ ಮಡಚಿದೆ. ನೀರು ಬಿಡುವ ದಿನ ಹತ್ತಿರ ಬರುತ್ತಿತ್ತು.

ಸಾಹೇಬರು ಮಾತ್ರ ಎರಡು ಸಲ ಹಾಕಿಸಿಕೊಂಡು ಸುತ್ತ ನೋಡಿ, "ಇಷ್ಟು ಹಾಜರಿ, ಇಷ್ಟು ಶಿಸ್ತು, ಒಂದು ಗಲಾಟೆ ಇಲ್ಲ. ನಮ್ಮ ಮತದಾನದ ದಿನಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನಾನು ನೋಡಿಲ್ಲ," ಅಂದರು.

ಹೊರಡುವಾಗ ಅಯ್ಯನವರು ಬಾಗಿಲ ತನಕ ಬಂದರು. "ಕಿರಿ ಮಗಂದೂ ಅದರಿ ಅವರದು. ಮುಂದಿನ ತಾರೀಕು ಪೇಪರಿಗೆ ಕೊಡೂಕಿಂತ ಮೊದ್ಲ ನನಗೊಂದ್ ಮಾತು ಹೇಳ್ರಿ."

ಇಲ್ಲದ ಶಬ್ದ

ನಾಲ್ಕನೆಯ ತಾರೀಕು ಗೊತ್ತಾದ ಮೇಲೆ ಒಂದು ಅಪರೂಪದ ಸಂಗತಿ ನಡೆಯಿತು. ಕಾಲುವೆಗೆ ಈ ಸಲ ಬೇಗ ನೀರು ಬಿಡುತ್ತಾರೆಂದು ಸುದ್ದಿ ಬಂತು. ನೀರು ಬಂತೆಂದರೆ ಎಲ್ಲರೂ ಭತ್ತದ ನಾಟಿಗೆ ಇಳಿಯುತ್ತಾರೆ, ಮತಗಟ್ಟೆಗೆ ನರಪಿಳ್ಳೆ ಬರುವುದಿಲ್ಲ. ಅದಕ್ಕೆ ಮೇಲಿನವರು ಮತದಾನವನ್ನು ಒಂದು ವಾರ ಈಚೆಗೆ ತಂದರು. ಮುಂದಕ್ಕೆ ಹಾಕಿದ್ದಲ್ಲ, ಹತ್ತಿರಕ್ಕೆ ತಂದದ್ದು.

ಈಗ ಅದನ್ನು ಜನರಿಗೆ ಹೇಳುವುದು ಹೇಗೆ? ಆಟೋದಲ್ಲಿ ಮೈಕ್ ಕಟ್ಟಿ ಸಾರಬೇಕು, ಒಂದು ಸಾಲು ಬರೆದುಕೊಡಿ ಅಂದರು ಸಾಹೇಬರು. ನಾನು ಪೆನ್ನು ಹಿಡಿದು ಕೂತೆ. ಆಗ ತಿಳಿಯಿತು, "ಮುಂದೂಡಲಾಗಿದೆ" ಅನ್ನಲು ನಮ್ಮಲ್ಲಿ ರಬ್ಬರ್ ಸ್ಟಾಂಪೇ ಇದೆ, ಅದರ ಉಲ್ಟಾ ಹೇಳಲು ಒಂದು ಶಬ್ದವೂ ಇಲ್ಲ.

"ಮುಂದ ತಂದಾರ" ಅಂತ ಬರೆದೆ. ಟೈಪಿಸ್ಟ್ ಓದಿ, "ಅಂದ್ರ ಮತ್ತ ಮುಂದ ಹಾಕ್ಯಾರ ಅಂತಾರ" ಅಂದಳು. "ಹಿಂದ ತಂದಾರ" ಅಂತ ಬರೆದೆ. "ಅಂದ್ರ ವಾಪಸ್ ತಗೊಂಡಾರ ಅಂತಾರ." ಸಾಹೇಬರು ಮೈಸೂರು ಕಡೆಯವರು, "ಹಿಂದೂಡಲಾಗಿದೆ ಅಂತ ಹಾಕಿ" ಅಂದರು. ಅದನ್ನು ಕೇಳಿದರೆ ಯಾರನ್ನೋ ಹಿಂದಿನಿಂದ ದೂಡಿದ ಹಾಗಿತ್ತು.

ಒಂದು ಭಾಷೆಯಲ್ಲಿ ಒಂದು ಕೆಲಸಕ್ಕೆ ಶಬ್ದವೇ ಇಲ್ಲ ಅಂದರೆ ಆ ಕೆಲಸವನ್ನು ಯಾರೂ ಎಂದೂ ಮಾಡಿಲ್ಲ ಅಂತ ಅರ್ಥ. ನಾವು ಮೊದಲ ಸಲ ಮಾಡುತ್ತಿದ್ದೆವು.

ಕೊನೆಗೆ ಎಲ್ಲರೂ ಒಪ್ಪಿದ ಸಾಲು ಇದು: "ಬಸಿಗಾಲುವಿ ಚುನಾವಣಿ ಹೇಳಿದ್ದಕ್ಕಿಂತ ಮೊದ್ಲ ಆಗ್ತದ." ಅದರ ಹಿಂದೆ ಹೊಸ ತಾರೀಕು.

ಆಟೋದವನು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಳೆಯ ಮೈಕಿಗೆ ಹಚ್ಚಿ ಊರೂರು ತಿರುಗಿದ. ಮೈಕಿನ ಬಾಯಿ ಸೀಳಿತ್ತು. ರಸ್ತೆ ಗುಂಡಿ. "ಆಗ್ತದ" ಅನ್ನುವ ಮಾತು ಆ ಮೈಕಿನಿಂದ ಹೊರಗೆ ಬಿದ್ದಾಗ "ಆಗ್ಯಾದ" ಆಗಿತ್ತು. "ಚುನಾವಣಿ ಮೊದ್ಲ ಆಗ್ಯಾದ." ಅಂದರೆ ಆಗಲೇ ಮುಗಿದುಹೋಗಿದೆ.

ಹಿಂದೆಯೇ ತಾರೀಕು ಹೇಳುತ್ತಿತ್ತಲ್ಲ ಅನ್ನಬಹುದು ನೀವು. ಹೇಳುತ್ತಿತ್ತು. ಆದರೆ ನಮ್ಮ ಸಂಘದ ತಾರೀಕನ್ನು ಕಿವಿಗೊಟ್ಟು ಕೇಳುವುದನ್ನು ಜನ ಎಂದೋ ಬಿಟ್ಟಿದ್ದರು. ನಾವು ಅಂಟಿಸಿದ ನೋಟಿಸೂ ಅಷ್ಟೇ, ಅಂಟಿಕೊಂಡಿತ್ತು. ಮೈಕ್ ಕೇಳಿ ಒಂದು ಊರಿನ ಕಟ್ಟೆಯ ಮೇಲೆ ಕೂತವರು ಆಟೋದವನನ್ನು ನಿಲ್ಲಿಸಿ ಕೈಗೆ ಚಹಾ ಕೊಟ್ಟರಂತೆ. "ಏನಾರ ಆಗಲಿ ತಮ್ಮಾ, ಮುಗೀತಲ್ಲ. ನಿಮಗೂ ಭಾಳ ತ್ರಾಸ್ ಆಗಿತ್ತು."

ಇಬ್ಬರು ಸೋತವರು

ಇಲ್ಲಿಂದ ಮುಂದಿನದನ್ನು ನನಗೆ ಮಲ್ಲಟದ ಯವ್ವನೇ ಆಮೇಲೆ ಹೇಳಿದಳು.

ಅವಳೊಬ್ಬಳಿಗೆ ಮಾತ್ರ ಮೈಕಿನ ಹಂಗು ಇರಲಿಲ್ಲ. ತಾರೀಕು ಈಚೆಗೆ ಬಂದ ದಿನವೇ ಕಚೇರಿಗೆ ಬಂದು, ಕ್ಯಾಲೆಂಡರಿನ ಮೇಲೆ ನನ್ನ ಬೆರಳು ಇಡಿಸಿ, ತನ್ನ ಬೆರಳೂ ಇಟ್ಟು ನೋಡಿಕೊಂಡು ಹೋಗಿದ್ದಳು. ಎರಡು ದಿನ ಬಿಟ್ಟು, ಆಟೋ ಊರೂರು ತಿರುಗಿ ಮುಗಿದ ಮೇಲೆ, ಮಾನ್ವಿಯ ರೈಸ್ ಮಿಲ್ಲಿಗೆ ಹೋದಳು. ಓಟು ಹಾಕುತ್ತೇನೆ, ಗೆದ್ದ ಮರುದಿನವೇ ಹೂಳು ತೆಗೆಸುತ್ತೀರಾ ಅಂತ ಸಾವುಕಾರರನ್ನು ಕೇಳಬೇಕಿತ್ತು.

ಸಾವುಕಾರರು ಮಂಕಾಗಿ ಕೂತಿದ್ದರು. "ಇನ್ನೆಲ್ಲಿ ಓಟು ಯವ್ವಾ. ಮೈಕಿನ್ಯಾಗ ಕೇಳಿದೆಲ್ಲಾ, ಆಗಿಹೋಗ್ಯಾದ. ಚಾಚಾ ಗೆದ್ದ."

"ಚಾಚಾ ಗೆದ್ದಾನಂತ ಯಾರು ಹೇಳಿದ್ರು?"

"ಹೇಳೋದೇನು? ನಾ ಗೆದ್ದಿದ್ರ ಇಷ್ಟೊತ್ತಿಗೆ ಯಾರಾರ ಹಾರ ತಂದು ಹಾಕ್ತಿದ್ದಿಲ್ಲೇನು? ಯಾರೂ ಬಂದಿಲ್ಲ. ಅಂದ್ರ ಹಾರ ಅತ್ತಾಗ ಹೋಗ್ಯಾದ." ಕೋರ್ಟಿಗೆ ಹೋಗುವ ಮನಸ್ಸಾಗಿತ್ತಂತೆ. ಆದರೆ ಮತ್ತೊಂದು ಸ್ಟೇ ತಂದರೆ ಊರವರು ಮಿಲ್ಲಿಗೇ ಬಂದು ಬಡಿಯುತ್ತಾರೆ ಅಂತ ಸುಮ್ಮನಾಗಿದ್ದರು.

ಹಾಗಲ್ಲ ಯಪ್ಪಾ, ಚುನಾವಣಿ ಇನ್ನೂ ಅದ ಅಂತ ಹೇಳಲು ಯವ್ವ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಸಾವುಕಾರರೇ ಮೇಲೆ ಬಿದ್ದು ಮಾತಾಡಿದರು. "ಗೆದ್ದರೇನಾತು? ಅವ ಹೂಳು ತೆಗಸ್ತಾನೇನು? ಎಸ್ಟಿಮೇಟ್ ಅಂತಾನ, ಟೆಂಡರ್ ಅಂತಾನ, ಅಷ್ಟರಾಗ ನಿನ್ನ ಹೊಲ ಕೆರಿ ಆಗಿರ್ತದ. ನಾ ಆಗಿದ್ರ ನಾಳೆನ ಮಿಷಿನ್ ಹಚ್ಚತಿದ್ದೆ."

ಯವ್ವ ತೆರೆದ ಬಾಯಿಯನ್ನು ಹಾಗೇ ಮುಚ್ಚಿದಳು. "ಹೌದ್ರಿ, ಮಂದೀನೂ ಹಂಗ ಅಂತಾರ. ಸಾವುಕಾರ್ರು ಆಗಿದ್ರ ಮಿಷಿನ್ ಬರ್ತಿತ್ತು ಅಂತಾರ. ಆದ್ರ ಸೋತವರು ಯಾಕ ಹಚ್ಚತಾರ ಬಿಡ್ರಿ," ಅಂದು ಎದ್ದಳು.

ಸಾವುಕಾರರ ಮೀಸೆ ಕುಣಿಯಿತಂತೆ. "ಯಾಕ ಹಚ್ಚಬಾರದು? ಯಾರನ್ನ ಸೋಲಿಸ್ಯಾರ ಅಂತ ಮಂದಿಗೆ ಗೊತ್ತಾಗಲಿ."

ಅಲ್ಲಿಂದ ಯವ್ವ ದೇವದುರ್ಗಕ್ಕೆ ಹೋದಳು. ಗೊಬ್ಬರದ ಅಂಗಡಿಯಲ್ಲಿ ಚಾಚಾ ಅಷ್ಟೇ ಮಂಕಾಗಿ ಕೂತಿದ್ದರು. "ಅರೇ ಅಮ್ಮಾ, ಆಗಿಹೋತು. ಸಾವುಕಾರ ಗೆದ್ದ. ಜಾನೇ ದೋ, ನಸೀಬು. ನಮ್ಮ ಅಂಗಡಿಗೆ ಮುಬಾರಕ್ ಅಂತ ಒಬ್ಬನೂ ಬಂದಿಲ್ಲ ನೋಡ್ರಿ, ಅದರ ಮ್ಯಾಲ ತಿಳ್ಕೊಂಡೆ."

ಯವ್ವ ಅಲ್ಲಿಯೂ ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಕಾಲುಚಾಚಿ ಕೂತು ನೀರು ಕುಡಿದು, "ಸಾವುಕಾರ್ರು ನಾಳೆನ ಮಿಷಿನ್ ತರ್ತೀನಿ ಅಂದ್ರಪ್ಪ" ಅಂದಳು. ಅದು ಸುಳ್ಳಲ್ಲವಲ್ಲ.

ಚಾಚಾ ಎದ್ದು ನಿಂತರು. "ಗೆದ್ದ ಮರುದಿನಾನ? ಹಂಗಾದ್ರ ಸೋತವ ಅಂತ ನಾ ಮನಿಯಾಗ ಕುಂದ್ರಬೇಕೇನು? ಆತ ಮ್ಯಾಲಿಂದ ಅಗಸಲಿ. ನಾ ಹಳ್ಳದ ಕಡಿಯಿಂದ ಹಚ್ಚತೀನಿ. ಮಂದಿ ನೋಡ್ಲಿ, ಯಾರದು ಆಳ ಅದ ಅಂತ."

ಮರುದಿನ ಬಸಿಗಾಲುವೆಯ ಎರಡೂ ತುದಿಗೆ ಒಂದೊಂದು ಜೆಸಿಬಿ ನಿಂತಿತ್ತು. ಮಂಡಳಿ ಇಲ್ಲ, ಸಹಿ ಇಲ್ಲ, ಟೆಂಡರ್ ಇಲ್ಲ. ಗೆದ್ದು ಅಧ್ಯಕ್ಷರಾದವರು ಇಷ್ಟು ಬೇಗ ಕೆಲಸ ಹಿಡಿದದ್ದನ್ನು ನಾನು ಯಾವ ಸಂಘದಲ್ಲೂ ನೋಡಿಲ್ಲ. ಇವರಿಬ್ಬರೂ ಸೋತವರು, ಅದೂ ನಡೆಯದ ಚುನಾವಣೆಯಲ್ಲಿ.

ಮತದಾನ

ಇದು ಯಾವುದೂ ನಮಗೆ ಗೊತ್ತಿರಲಿಲ್ಲ. ಕೊನೆಗೂ ಬಂದ ಆ ದಿನ ನಾನು, ಸಾಹೇಬರು, ಇಬ್ಬರು ಮಾಸ್ತರರು ಶಾಲೆಯ ಕೋಣೆಯಲ್ಲಿ ಮತಪೆಟ್ಟಿಗೆ ಇಟ್ಟುಕೊಂಡು ಬೆಳಿಗ್ಗೆಯೇ ಕೂತೆವು. ಸ್ಟೇ ಬರಲಿಲ್ಲ, ಫೋನು ಬರಲಿಲ್ಲ, ಸಂಹಿತೆ ಬರಲಿಲ್ಲ. ಮತದಾರರೂ ಬರಲಿಲ್ಲ. ಅಭ್ಯರ್ಥಿಗಳ ಏಜೆಂಟರು ಕೂಡ ಇಲ್ಲ. ಸಾಹೇಬರು ಆಗಾಗ ಬಾಗಿಲಿಗೆ ಹೋಗಿ ರಸ್ತೆ ನೋಡಿ ಬರುತ್ತಿದ್ದರು. ಹೊಲದ ಕಡೆಯಿಂದ ಯಾವುದೋ ಯಂತ್ರದ ಗುರುಗುರು ಕೇಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಮಲ್ಲಟದ ಯವ್ವ ಬಂದಳು. ಕಾಲಿಗೆ ಮೊಣಕಾಲ ತನಕ ಕರಿ ಕೆಸರು. ನಾವು ನಾಲ್ವರೂ ಎದ್ದು ನಿಂತೆವು. ಮಾಸ್ತರರೊಬ್ಬರು ಅವಳ ಬೆರಳಿಗೆ ಎರಡೆರಡು ಸಲ ಶಾಯಿ ಹಚ್ಚಿದರು. ಅಷ್ಟು ಹೊತ್ತು ಕಾದ ಮೇಲೆ ಕಂಡ ಮೊದಲ ಮತದಾರಳ ಕೈ ಅದು. ಯವ್ವ ರಟ್ಟಿನ ಮರೆಯ ಹಿಂದೆ ಹೋದಳು, ಸಾಕಷ್ಟು ಹೊತ್ತು ಇದ್ದಳು, ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿ ಹೊರಗೆ ಹೋಗಿ ಬೇವಿನ ನೆರಳಲ್ಲಿ ಕೂತಳು.

ಅವಳ ನಂತರ ಯಾರೂ ಬರಲಿಲ್ಲ. ವೇಳೆ ಮುಗಿದ ಮೇಲೆ ಸಾಹೇಬರು ಪೆಟ್ಟಿಗೆ ಒಡೆಸಿದರು. ಒಂದೇ ಚೀಟಿ. "ಇದು ಗುಪ್ತ ಮತದಾನ, ಯಾರ ಮತ ಅಂತ ನಮಗೆ ತಿಳಿಯಬಾರದು," ಅಂದರು ಬಹಳ ಗಂಭೀರವಾಗಿ. ನಾವೆಲ್ಲ ಹೂಂ ಅಂದು ಬೇವಿನ ಮರದ ಕಡೆ ನೋಡದಂತೆ ಕತ್ತು ತಿರುಗಿಸಿಕೊಂಡೆವು.

ಚೀಟಿ ಬಿಚ್ಚಿದರು. ಛತ್ರಿಯ ಮೇಲೊಂದು ಮುದ್ರೆ. ಏಣಿಯ ಮೇಲೊಂದು ಮುದ್ರೆ. ಎರಡೂ ಸ್ಪಷ್ಟ, ಎರಡೂ ನಟ್ಟನಡುವೆ. ಮತ ಅಸಿಂಧು.

ಒಬ್ಬರಿಗೆ ಸೊನ್ನೆ, ಇನ್ನೊಬ್ಬರಿಗೆ ಸೊನ್ನೆ. ಸಮ ಬಂದರೆ ಚೀಟಿ ಎತ್ತಬೇಕು ಅಂತ ಕಾನೂನಿದೆ, ಸೊನ್ನೆಗೆ ಸೊನ್ನೆ ಸಮವೇ ಅಂತ ಎಲ್ಲೂ ಇಲ್ಲ. ಸಾಹೇಬರು ಮೇಲಿನವರಿಗೆ ಫೋನು ಮಾಡಿದರು. ಅವರು ಮರುಮತದಾನಕ್ಕೆ ಹೊಸ ತಾರೀಕು ತಿಳಿಸುತ್ತೇವೆ ಅಂದರು.

ಇಷ್ಟೆಲ್ಲ ಓಡಾಡಿದವಳು ತಿಳಿಯದೆ ತನ್ನ ಮತವನ್ನು ತಾನೇ ಕೆಡಿಸಿಕೊಂಡಳಲ್ಲ, ನೀರು ಬಿಡಲು ಇನ್ನೆಷ್ಟು ದಿನ ಉಳಿದಿದೆ ಅಂತ ಸಂಕಟಪಡುತ್ತ ಹೊರಗೆ ಹೋದೆ. "ಬಾ ಯಪ್ಪಾ, ತೋರಿಸ್ತೀನಿ," ಅಂದು ಯವ್ವ ನನ್ನನ್ನು ಹೊಲದ ಕಡೆ ಕರೆದುಕೊಂಡು ಹೋದಳು. ದಾರಿಯಲ್ಲಿ ಸಾವುಕಾರರ ಕತೆ, ಚಾಚಾನ ಕತೆ ಎಲ್ಲ ಹೇಳಿದಳು.

ಬದುವಿನ ಮೇಲೆ ನಿಂತು ನೋಡಿದೆ. ಮೇಲುಗಡೆ ಒಂದು ಜೆಸಿಬಿ, ಕೆಳಗಡೆ ಒಂದು ಜೆಸಿಬಿ. ಅದರ ಪಕ್ಕ ಸಾವುಕಾರರು ಧೋತರ ಎತ್ತಿ ಕಟ್ಟಿ ಕೂಗುತ್ತಿದ್ದಾರೆ, ಇದರ ಪಕ್ಕ ಚಾಚಾ ಟೋಪಿ ಹಿಂದಕ್ಕೆ ಸರಿಸಿ ಕೂಗುತ್ತಿದ್ದಾರೆ. ನಡುವೆ ಜೊಂಡಿನ ಗೋಡೆ ಇನ್ನೂ ಇತ್ತು. ಆದರೂ ಯವ್ವನ ಹೊಲದ ಅಂಚಿನಲ್ಲಿ, ವರ್ಷಗಟ್ಟಲೆ ನಿಂತಿದ್ದ ಕರಿ ನೀರು ಒಂದು ಎಳೆಯಷ್ಟು ಸರಿಯುತ್ತಿತ್ತು. ನಾನು ಎಷ್ಟೋ ಚುನಾವಣೆ ಮಾಡಿಸಿದ್ದೇನೆ. ನಿಂತ ನೀರು ಅಲುಗಾಡಿದ್ದನ್ನು ಅವತ್ತೇ ನೋಡಿದ್ದು. ಸುಮ್ಮನೆ ಕೈ ಮುಗಿಯಬೇಕು ಅನ್ನಿಸಿತು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ. "ಎಲ್ಲ ಸರಿ ಯವ್ವಾ. ಆದ್ರ ಇದ್ದದ್ದು ಒಂದ ಓಟು. ಇಬ್ಬರ ಮ್ಯಾಲೂ ಒತ್ತಿ ಕೆಡಿಸಿದೆಲ್ಲಾ, ಒಬ್ಬನ್ನಾದ್ರೂ ಗೆಲ್ಲಿಸಬಾರದಾಗಿತ್ತೇನು?"

ಯವ್ವ ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ, ನಾನು ಏನೂ ತಿಳಿಯದ ಕೂಸು ಎಂಬಂತೆ ನೋಡಿದಳು.

"ಗೆದ್ದವ ಮಿಷಿನ್ ಬಂದ್ ಮಾಡಿ ಹಾರ ಹಾಕಿಸ್ಕೊಳ್ಳಾಕ ಹೋಗ್ತಾನ ಯಪ್ಪಾ. ಸೋತವರಾಗಿ ಇರೋತನಕ ಇಬ್ಬರೂ ಅಗೀತಾರ. ಇನ್ನೂ ನಾಕ್ ಹೊಲದಷ್ಟು ಕಾಲುವಿ ಅಗಿಯೋದದ. ಇಬ್ಬರೂ ನಡುವ ಬಂದು ಕೂಡಿದ ಮ್ಯಾಲ ಹೇಳಿ ಕಳಸ್ತೀನಿ, ಆಗ ನಿಮ್ಮ ಚುನಾವಣಿ ಇಟ್ಕೋರಿ."